ದುಂಬಿಯ ಆರನೇ ಕಾಲು

ಕೃಷಿ ಪದವಿಯಲ್ಲಿ ನನಗೆ ಅತಿ ಕಡಿಮೆ ಅಂಕ ಬಂದದ್ದು ಕೀಟಶಾಸ್ತ್ರದಲ್ಲಿ. ಕಾಲೇಜಿನಲ್ಲಿ ಪ್ರತಿಯೊಬ್ಬರೂ ಹುಳ ಹಿಡಿದು, ಸೂಜಿ ಚುಚ್ಚಿ, ಹೆಸರು ಬರೆದು ಒಂದು ಪೆಟ್ಟಿಗೆ ಒಪ್ಪಿಸಬೇಕಿತ್ತು. ನಾನು ಒಪ್ಪಿಸಿದ್ದು ನನಗಿಂತ ಮುಂದಿನ ತರಗತಿಯ ಹುಡುಗಿಯೊಬ್ಬಳ ಪೆಟ್ಟಿಗೆಯನ್ನು. ಅವಳು ಒಪ್ಪಿಸಿದ್ದು ಅವಳಿಗಿಂತ ಮುಂದಿದ್ದವಳದನ್ನು. ಆ ಪೆಟ್ಟಿಗೆಯೊಳಗಿನ ಹುಳಗಳು ನನಗಿಂತ ಹೆಚ್ಚು ಪರೀಕ್ಷೆಗಳಿಗೆ ಕೂತಿದ್ದವು.

ಇಂಥ ನನ್ನನ್ನು, ಗುಂಡ್ಲುಪೇಟೆಯ ಕೃಷಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಕಳೆದ ಮೇಲೆ, ಚಾಮರಾಜನಗರದ ಜಿಲ್ಲಾ ಕಚೇರಿಯಿಂದ ಸಾಹೇಬರು ಕರೆಸಿಕೊಂಡರು. ಆಗಷ್ಟೇ ಜಿಲ್ಲೆ ಮೈಸೂರಿನಿಂದ ಬೇರೆಯಾಗಿತ್ತು. ಅವರ ಕೋಣೆಯಲ್ಲಿ ಇನ್ನೂ ಸುಣ್ಣದ ವಾಸನೆ ಇತ್ತು. ಗೋಡೆಗೆ ಒಂದು ದೊಡ್ಡ ಮೊಳೆ ಹೊಡೆದಿದ್ದರು, ಅದರಲ್ಲಿ ಏನೂ ನೇತಾಡುತ್ತಿರಲಿಲ್ಲ.

“ನೋಡಮ್ಮ, ಹೊಸ ಜಿಲ್ಲೆ, ಹೊಸ ಆಫೀಸು,” ಅಂದರು ಸಾಹೇಬರು, ಮೊಳೆಯ ಕಡೆ ಕೈ ತೋರಿಸುತ್ತ. “ಅಲ್ಲಿಗೆ ಒಂದು ಗಾಜಿನ ಪೆಟ್ಟಿಗೆ ಬರಬೇಕು. ತೆಂಗಿಗೂ ಕಡ್ಲೆಕಾಯಿಗೂ ಬೀಳೋ ದುಂಬಿಗಳೆಲ್ಲ ಅದರೊಳಗಿರಬೇಕು. ಮೇಲೆ ಕನ್ನಡದ ಹೆಸರು, ಕೆಳಗೆ ಲ್ಯಾಟಿನ್ ಹೆಸರು. ರೈತ ಬಂದು ನೋಡಿದ ತಕ್ಷಣ, ಇದೇ ನಮ್ಮ ತೋಟದ್ದು ಅಂತ ಬೆರಳಿಟ್ಟು ತೋರಿಸಬೇಕು.”

“ಸರ್, ನನಗೆ ಕೀಟಶಾಸ್ತ್ರದಲ್ಲಿ…”

“ಗೊತ್ತಮ್ಮ, ಈ ಕಡೆ ಡಿಗ್ರಿ ಓದಿಕೊಂಡು ಬಂದಿರೋಳು ನೀನೊಬ್ಬಳೇ. ಅದಕ್ಕೇ ನಿನ್ನ ಕರೆಸಿದ್ದು.”

ನಾನು ಮೊಳೆಯನ್ನೇ ನೋಡಿಕೊಂಡು ಹೊರಗೆ ಬಂದೆ.

ಗುಂಡ್ಲುಪೇಟೆಯಲ್ಲಿ ನಾನು ಬಾಡಿಗೆಗಿದ್ದದ್ದು ಒಬ್ಬ ಲಿಂಗಾಯತ ಅವ್ವನ ಮನೆಯ ಹಿಂದಿನ ಕೋಣೆಯಲ್ಲಿ. ಅವ್ವನಿಗೆ ಅರವತ್ತು ದಾಟಿತ್ತು. ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿಯುವವರೆಗೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಮುಗಿದ ಮೇಲೆ ಬೀದಿಯಲ್ಲಿ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಹುಳ ಹಿಡಿದು ತಂದು ಮನೆಯಲ್ಲಿ ಸಾಯಿಸಬೇಕಾಗುತ್ತದೆ ಎಂದು ಅವರಿಗೆ ಹೇಳುವುದು ಹೇಗೆಂದು ಎರಡು ದಿನ ಯೋಚಿಸಿ, ಮೂರನೇ ದಿನ ಹೇಳಿಯೇಬಿಟ್ಟೆ.

“ನಮ್ದು ಸಿವಪೂಜೆ ಮನೆ ಕಣಮ್ಮಿ,” ಅಂದರು ಅವ್ವ. “ಒಸ್ಲು ಒಳಗೆ ಜೀವ ತಗೀಬ್ಯಾಡ.”

“ಆಚೆ ಸಾಯಿಸಿ ಒಳಗೆ ತಂದರೆ?”

ಅವ್ವ ಮೊರದಲ್ಲಿದ್ದ ಅವರೆಕಾಳನ್ನು ಒಂದು ಸುತ್ತು ಕೇರಿ ಯೋಚಿಸಿದರು. “ಸತ್ತದ್ದಕ್ಕೆ ನಮ್ಗೆ ಸೂತಕಿಲ್ಲ. ತತ್ತಾ. ಪಾಪ ಮಾತ್ರ ಒಸ್ಲಾಚೆ ಬುಟ್ಟು ಬಾ.”

ಹಾಗಾಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ನನ್ನ ಪ್ರಯೋಗಶಾಲೆಯಾಯಿತು. ಅಗಲ ಬಾಯಿಯ ಗಾಜಿನ ಬಾಟಲಿ, ಅದರ ತಳದಲ್ಲಿ ಹತ್ತಿ, ಹತ್ತಿಗೆ ನೇಲ್ ಪಾಲಿಶ್ ಅಳಿಸುವ ದ್ರವ. ಕಾಲೇಜಿನಲ್ಲಿ ಹೇಳಿದ ಔಷಧ ಗುಂಡ್ಲುಪೇಟೆಯಲ್ಲಿ ಸಿಗುತ್ತಿರಲಿಲ್ಲ. ಫ್ಯಾನ್ಸಿ ಸ್ಟೋರಿನವನು ಮೂರು ಸಲ ಏನೂ ಕೇಳದೆ ಕೊಟ್ಟ. ನಾಲ್ಕನೇ ಸಲ ನನ್ನ ಬೋಳು ಉಗುರುಗಳನ್ನು ನೋಡಿ, “ಮೇಡಂ, ಬರೀ ಅಳಿಸೋದೇ ತಗೊಂಡೋಯ್ತೀರಲ್ಲ, ಅಚ್ಕೊಳೋದು ಯಾವಾಗ?” ಎಂದು ಕೇಳಿದ.

ಮೊದಲು ಸಿಕ್ಕದ್ದು ಕಡಲೆಕಾಯಿಯ ಶತ್ರು. ಅದು ಸುಲಭವಾಗಿ ಸಿಕ್ಕಿತು. ಗೋಪಾಲಸ್ವಾಮಿ ಬೆಟ್ಟದ ಕಡೆ ಮುಂಗಾರಿಗೆ ಮೊದಲ ಹದ ಮಳೆ ಬಿದ್ದ ಸಂಜೆ ನೆಲದೊಳಗಿಂದ ಕಂದು ದುಂಬಿಗಳು ಎದ್ದು ಬೇವಿನ ಮರಗಳಿಗೆ ಮುತ್ತಿಕೊಂಡವು. ಮರದ ಕೆಳಗೆ ಹಳೇ ಪಂಚೆ ಹಾಸಿ, ಗಳುವಿನಿಂದ ಕೊಂಬೆ ಅಲ್ಲಾಡಿಸಿದರೆ ಆಲಿಕಲ್ಲಿನ ಹಾಗೆ ಉದುರುತ್ತಿದ್ದವು. ಅರ್ಧ ಪಂಚೆಯ ಮೇಲೆ, ಅರ್ಧ ನನ್ನ ತಲೆಯ ಮೇಲೆ. ಇವೇ ಮಣ್ಣಿನಲ್ಲಿ ಮೊಟ್ಟೆ ಇಡುವುದು, ಅದರಿಂದ ಬರುವ ಗೊಣ್ಣೆಹುಳವೇ ಕಡಲೆಕಾಯಿ ಗಿಡದ ಬೇರು ತಿನ್ನುವುದು ಎಂದು ಅಲ್ಲಿದ್ದ ಮುದುಕರೊಬ್ಬರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಬೇವಿನ ಸೊಪ್ಪು ತಿಂದು ಬಾಯಿ ಕಹಿಯಾಯ್ತದೆ, ಅದ್ಕೆ ಕಡ್ಲೆಕಾಯಿಗೆ ಬತ್ತದೆ ಅನ್ನಿ,” ಎಂದರು. ಪುಸ್ತಕದಲ್ಲಿ ಅಂಥ ಕಾರಣ ಇರಲಿಲ್ಲ. ಇಲ್ಲ ಎನ್ನಲು ನನಗೆ ಧೈರ್ಯವೂ ಬರಲಿಲ್ಲ.

ತೆಂಗಿನ ದುಂಬಿಗಾಗಿ ಪುಣಜನೂರಿಗೆ ಹೋಗಬೇಕಾಯಿತು. ಅಲ್ಲಿ ಕಾಡಿನ ಅಂಚಿನಲ್ಲಿ ಒಬ್ಬ ರೈತರ ತೋಟಕ್ಕೆ ದುಂಬಿ ಬಿದ್ದಿದೆಯೆಂದು ಸಾಹೇಬರು ಚೀಟಿ ಕೊಟ್ಟು ಕಳಿಸಿದ್ದರು. ದುಂಬಿ ತರಲು ಅವ್ವನ ಮೂರು ಅಂತಸ್ತಿನ ಸ್ಟೀಲಿನ ಊಟದ ಕ್ಯಾರಿಯರ್ ಕೇಳಿ ತೆಗೆದುಕೊಂಡಿದ್ದೆ. ಏತಕ್ಕೆ ಎಂದು ಅವ್ವ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ರೈತರಿಗೆ ಐವತ್ತರ ಹತ್ತಿರ ವಯಸ್ಸು. ನಾನು ಬಂದ ಉದ್ದೇಶ ಹೇಳುತ್ತಿದ್ದಂತೆ, “ಯಾವ ವಂಡು ಬೇಕು ಕಣ್ರವ್ವ?” ಎಂದರು. ಘಟ್ಟದ ಕೆಳಗಿನ ತಮಿಳು ಅವರ ಬಾಯಿಯಲ್ಲಿ ಆಗಾಗ ಇಣುಕುತ್ತಿತ್ತು. ವಂಡು ಎಂದರೆ ದುಂಬಿ. “ಕತ್ರಿ ಆಕೋದಾ, ಕೊರಿಯೋದಾ?”

ನನ್ನ ಪುಸ್ತಕ ಎರಡು ಪುಟ ತೆಗೆದುಕೊಂಡ ವರ್ಗೀಕರಣವನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಕೊಂಬಿನ ದುಂಬಿ ತೆಂಗಿನ ಸುಳಿಯನ್ನು ಮಡಿಸಿದ್ದಾಗಲೇ ತಿನ್ನುತ್ತದೆ. ಗರಿ ಬಿಚ್ಚಿಕೊಂಡಾಗ ಯಾರೋ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಕೆಂಪು ಮೂತಿಯ ದುಂಬಿಯ ಮರಿಗಳು ಕಾಂಡವನ್ನೇ ಒಳಗಿಂದ ಕೊರೆಯುತ್ತವೆ. ಮರ ಬೀಳುವವರೆಗೆ ಹೊರಗೆ ಗೊತ್ತಾಗುವುದು ಕಷ್ಟ.

“ಎರಡೂ ಬೇಕು,” ಎಂದೆ.

ಅವರು ಸೊಂಟಕ್ಕೆ ಕೊಕ್ಕೆಯ ಕಂಬಿ ಸಿಕ್ಕಿಸಿಕೊಂಡು ಮರ ಹತ್ತಿದರು. ಸುಳಿಯ ತೂತಿಗೆ ಕಂಬಿ ಹಾಕಿ ಎಳೆದು, “ಇಡ್ಕಳಿ ಮೇಡಮ್ಮೋರೆ!” ಎಂದು ಮೇಲಿಂದ ಎಸೆಯುತ್ತಿದ್ದರು. ನಾನು ಸೆರಗು ಒಡ್ಡಿಕೊಂಡು ಮರದ ಸುತ್ತ ಓಡುತ್ತಿದ್ದೆ. ಕಪ್ಪಗೆ, ಹೆಬ್ಬೆರಳಿಗಿಂತ ದಪ್ಪ, ಮೂಗಿನ ಮೇಲೊಂದು ಕೊಂಬು. ಕೆಲವಕ್ಕೆ ಕೊಂಬು ಉದ್ದ, ಕೆಲವಕ್ಕೆ ಗಿಡ್ಡ. ಉದ್ದ ಕೊಂಬಿನದನ್ನು ಕ್ಯಾರಿಯರಿನ ಮೇಲಿನ ಡಬ್ಬಿಗೂ ಗಿಡ್ಡ ಕೊಂಬಿನದನ್ನು ನಡುವಿನ ಡಬ್ಬಿಗೂ ಹಾಕಿದೆ. ಎರಡು ಬೇರೆ ಬೇರೆ ಪ್ರಭೇದ ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ.

ಆಮೇಲೆ ಅವರು ಒಂದು ಮರಕ್ಕೆ ಕಿವಿ ಆನಿಸಿ ನಿಂತರು. “ಬನ್ನಿ, ಕೇಳಿ. ಒಳಗೆ ಮೆಲ್ತಾ ಅವೆ.”

ನಾನೂ ಕಿವಿ ಇಟ್ಟೆ. ನನ್ನ ಓಲೆ ತೊಗಟೆಗೆ ಕೆರೆಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

“ಕೇಳ್ತಾ?”

“ಕೇಳ್ತು. ಚೆನ್ನಾಗೇ ಕೇಳ್ತು,” ಎಂದೆ.

“ಇದು ಒಳ್ಳೆ ಮರ ಕಣ್ರವ್ವ,” ಎಂದರು ಅವರು, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ. “ಉಳ ಬಿದ್ದಿರೋದು ಆ ಮೂಲೇದ್ಕೆ.”

ಮೂಲೆಯ ಮರದಲ್ಲಿ ಕೆಂಪು ಮೂತಿಯವೂ ಸಿಕ್ಕವು; ಅವು ಕೆಳಗಿನ ಡಬ್ಬಿಗೆ ಹೋದವು. ಹೊರಡುವ ಮುಂಚೆ ತಿಪ್ಪೆಯಲ್ಲಿ ಕೊಂಬಿನ ದುಂಬಿಯ ಮರಿಗಳಿರುತ್ತವೆಂದು ಕೆದಕಿದಾಗ ಇನ್ನೊಂದು ಕಪ್ಪು ದುಂಬಿ ಸಿಕ್ಕಿತು. ಗಾತ್ರ ಹೆಚ್ಚುಕಡಿಮೆ ಅಷ್ಟೇ.

“ಅದು ಸಗಣಿ ಉಳ. ತೆಂಗಿನ ಮರಾನ ಕಣ್ಣಲ್ಲೂ ಕಂಡಿಲ್ಲ ಅದು. ಬುಡಿ ಅತ್ಲಾಗೆ,” ಎಂದರು ರೈತರು.

“ಇರಲಿ, ಹೋಲಿಸಿ ನೋಡೋಕೆ ಬೇಕಾಗುತ್ತೆ,” ಎಂದು ವಿಜ್ಞಾನಿಯ ಗತ್ತಿನಲ್ಲಿ ಅದನ್ನೂ ಮೇಲಿನ ಡಬ್ಬಿಗೆ ಹಾಕಿಕೊಂಡೆ. ಪ್ರತಿ ಡಬ್ಬಿಗೂ ಉಗುರಿನ ದ್ರವದ ಹತ್ತಿ ಇಟ್ಟು ಮುಚ್ಚಿದೆ. ಕಾಲು ಗಂಟೆಯಲ್ಲಿ ಎಲ್ಲವೂ ಸ್ತಬ್ಧ.

ಸತ್ಯಮಂಗಲದಿಂದ ಬರುವ ಬಸ್ಸು ಸಿಕ್ಕಿತು. ಪಕ್ಕದಲ್ಲಿ ಮಲ್ಲಿಗೆ ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ನನ್ನ ಮಡಿಲಲ್ಲಿ ಕ್ಯಾರಿಯರ್. ಸ್ವಲ್ಪ ದೂರ ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, “ಯಾಕವ್ವ, ಬುತ್ತಿ ಏನೋ ಮಾತಾಡ್ತಾ ಅದಲ್ಲ?” ಎಂದಳು.

ಹೌದು. ಡಬ್ಬಿಯಿಂದ ಚರ್ರ್, ಚರ್ರ್ ಎಂದು ಸದ್ದು ಬರುತ್ತಿತ್ತು. ಇಷ್ಟು ದಪ್ಪ ಚರ್ಮದ ಪ್ರಾಣಿಗೆ ಉಗುರಿನ ಬಣ್ಣ ಅಳಿಸುವ ದ್ರವ ಸಾಲದು, ಬರೀ ನಿದ್ದೆ ಬರಿಸುತ್ತದೆ ಎಂಬುದು ನನಗೆ ಆಗ ತಿಳಿಯಿತು. ಎಷ್ಟು ಎಚ್ಚರವಾಗಿವೆ ನೋಡೋಣ ಎಂದು ಮೇಲಿನ ಮುಚ್ಚಳ ಒಂದೇ ಒಂದು ಬೆರಳಷ್ಟು ಎತ್ತಿದೆ. ಎತ್ತಬಾರದಿತ್ತು. ಒಂದು ದುಂಬಿ ಅಂಚಿಗೆ ಬಂದು, ಹೊರಗಿನ ಗಾಳಿ ಕುಡಿದು, ಲಾರಿ ಇಂಜಿನ್ನಿನಂತೆ ಗುಂಯ್‌ಗುಟ್ಟುತ್ತ ಹಾರಿತು. ಇಬ್ಬರ ತಲೆಗೆ ಬಡಿದು, ನೇರವಾಗಿ ಹೋಗಿ ಚಾಲಕನ ಮುಂದಿನ ಗಾಜಿಗೆ ಟಪ್ಪೆಂದು ಅಪ್ಪಳಿಸಿತು. ಚಾಲಕ ಬ್ರೇಕ್ ಒತ್ತಿದ. ಕ್ಯಾರಿಯರ್ ನನ್ನ ಮಡಿಲಿಂದ ಹಾರಿ, ಮೂರೂ ಡಬ್ಬಿ ಮೂರು ಕಡೆ ಉರುಳಿದವು.

ಮುಂದಿನದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಜನ ಸೀಟಿನ ಮೇಲೆ ನಿಂತರು. ಹೂವಿನ ಹೆಂಗಸು ಬುಟ್ಟಿಯನ್ನು ತಲೆಯ ಮೇಲೇರಿಸಿಕೊಂಡಳು. ಯಾರದೋ ಚಪ್ಪಲಿಯ ಕೆಳಗೆ ಒಂದು ದುಂಬಿ ಚಟ್ಟೆಂದಿತು; ಅದು ಸಗಣಿ ಹುಳ, ಪೂರ್ತಿ ಪುಡಿಯಾಗಿತ್ತು. ನಾನು ನೆಲದ ಮೇಲೆ ಮಂಡಿಯೂರಿ ಒಂದೊಂದನ್ನೇ ಆರಿಸಿದೆ. ಎಲ್ಲಕ್ಕಿಂತ ದೊಡ್ಡದು, ಅತ್ಯಂತ ಉದ್ದ ಕೊಂಬಿನದು, ಪೆಟ್ಟಿಗೆಯ ನಡುವೆ ಇಡಬೇಕೆಂದು ನಾನು ಮನಸ್ಸಿನಲ್ಲೇ ಜಾಗ ಕೊಟ್ಟಿದ್ದದ್ದು, ಐದೇ ಕಾಲಿನಲ್ಲಿತ್ತು. ಬಲ ಮುಂಗಾಲು ಮುರಿದು ಹೋಗಿತ್ತು.

ಒಂದು ಕಾಲು ಕಾಣುತ್ತಿಲ್ಲ ಎಂದ ನನ್ನ ಮುಖ ನೋಡಿ ಕಂಡಕ್ಟರಿಗೆ ಕನಿಕರವಾಯಿತು. ಅವರು ಸೀಟಿ ಊದಿ ಕೂಗಿದರು: “ಎಲ್ರೂ ಕಾಲ್ ಮ್ಯಾಕೆ ಎತ್ಕಳಿ! ಮೇಡಮ್ಮೋರ್ದು ಒಂದು ಕಾಲು ಬಿದ್ದೋಗದೆ!”

“ಅಯ್ಯೋ ಸಿವನೇ!” ಎಂದಿತು ಹಿಂದಿನ ಸೀಟಿನಿಂದ ಒಂದು ದನಿ. “ಎಂಗೆ ಬಿತ್ತು? ಬಸ್ಸ ಆಸ್ಪತ್ರೆ ತಕ್ಕೆ ಬುಡನ ನಡೀರಿ!”

ಬಸ್ಸೆಲ್ಲ ಬಗ್ಗಿ ಹುಡುಕಿದ ಮೇಲೆ ಕಂಡಕ್ಟರೇ ಒಂದು ಕಪ್ಪು, ಮುಳ್ಳುಮುಳ್ಳಾದ ಕಾಲನ್ನು ಹಳೇ ಟಿಕೆಟ್ಟಿನ ಮೇಲೆ ಇಟ್ಟುಕೊಂಡು ತಂದು ಕೊಟ್ಟರು. ಇಡೀ ಬಸ್ಸಿಗೆ ನೆಮ್ಮದಿಯಾಯಿತು. ನಾನು ಅವರಿಗೆ ಕೈ ಮುಗಿದೆ.

ಮನೆಗೆ ಬಂದು, ಹಿತ್ತಲಿನ ಕಲ್ಲಿನ ಮೇಲೆ ಈ ಸಲ ಬಿಸಿನೀರಿಗೆ ಹಾಕಿ ಎಲ್ಲವನ್ನೂ ಸಾಯಿಸಿದ ಮೇಲೆ, ಆ ಕಾಲನ್ನು ಗೋಂದಿನಿಂದ ಅಂಟಿಸಿದೆ. ಚೆನ್ನಾಗಿಯೇ ಕೂತಿತು. ಕೆಂಪು ಮೂತಿಯವಕ್ಕೆ, ಬೇವಿನ ದುಂಬಿಗಳಿಗೆ ಹೆಸರು ಹುಡುಕುವುದು ಬೇಗ ಮುಗಿಯಿತು. ಕೊಂಬಿನವು ಮಾತ್ರ ಸತಾಯಿಸಿದವು. ಗುರುತಿಸುವ ಪುಸ್ತಕ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತದೆ: ಹೀಗಿದ್ದರೆ ಮುಂದಿನ ಸಾಲಿಗೆ ಹೋಗಿ, ಹಾಗಿದ್ದರೆ ಅದರ ಮುಂದಿನದಕ್ಕೆ. ದೊಡ್ಡ ದುಂಬಿಯ ವಿಷಯದಲ್ಲಿ ಅದು ಮುಂಗಾಲಿನ ಹಲ್ಲುಗಳನ್ನು ನೋಡಲು ಹೇಳಿತು. ಎಡಗಾಲು ನೋಡಿದರೆ ಮಾಮೂಲಿ ತೆಂಗಿನ ದುಂಬಿ. ಬಲಗಾಲು ನೋಡಿದರೆ ಪುಸ್ತಕದಲ್ಲೇ ಇಲ್ಲದ ದುಂಬಿ. ಯಾವ ಕಾಲು ನೋಡಬೇಕೆಂದು ಪುಸ್ತಕ ಹೇಳಿರಲಿಲ್ಲ. ಮೂರು ಸಂಜೆ ಭೂತಗನ್ನಡಿ ಹಿಡಿದು ಕೂತೆ. ಮೂರನೇ ಸಂಜೆ ಭೂತಗನ್ನಡಿ ಕೆಳಗಿಟ್ಟು ಎದ್ದು ನಿಂತೆ. ಪುಸ್ತಕದಲ್ಲಿ ಇಲ್ಲ ಎಂದರೆ, ಇದುವರೆಗೆ ಯಾರೂ ನೋಡಿಲ್ಲ ಎಂದೇ ಅಲ್ಲವೇ?

ಅವ್ವ ಕಾಫಿ ತಂದವರು ನನ್ನ ಹಲಗೆಯ ಮೇಲೆ ಬಗ್ಗಿದರು. ಎರಡು ಸಾಲು, ಎರಡು ಚೀಟಿ: ಉದ್ದ ಕೊಂಬಿನ ಪ್ರಭೇದ, ಗಿಡ್ಡ ಕೊಂಬಿನ ಪ್ರಭೇದ.

“ಇವ್ನ ಯಾಕಮ್ಮಿ ಬ್ಯಾರೆ ಬ್ಯಾರೆ ಕೂರ್ಸಿದಯ್? ಇದು ಗಂಡ, ಇದು ಎಂಡ್ತಿ.”

“ಅಲ್ಲ ಅವ್ವ, ಇವು ಬೇರೆ ಬೇರೆ ಜಾತಿ.”

“ಯಾವ ಜಾತೀನೂ ಇಲ್ಲ. ಇಂದ್ಗಡೆ ನೋಡು, ಎಣ್ಣಿಗೆ ಕೆಂಚು ಕೂದ್ಲದೆ. ನಮ್ ತಿಪ್ಪೇಲಿ ಎಷ್ಟ್ ಕಂಡಿಲ್ಲ ನಾನು?”

ನಾನು ನಕ್ಕು ಎರಡೂ ಚೀಟಿಗಳನ್ನು ನೆಟ್ಟಗೆ ಮಾಡಿದೆ. ಪದವಿ ಓದಿದವಳು ನಾನು ತಾನೆ. ಅವ್ವ ತಮ್ಮ ಬಿತ್ತನೆ ಕಡಲೆಕಾಯಿಯ ಡಬ್ಬದಿಂದ ತೂತು ಬಿದ್ದ ಕಾಯಿಗಳನ್ನೂ, ಅದರೊಳಗಿದ್ದ ಸಾಸಿವೆಗಿಂತ ಸ್ವಲ್ಪ ದೊಡ್ಡ ಬೂದು ದುಂಬಿಗಳನ್ನೂ ತಂದು ಸುರಿದರು. “ಇದ್ನೂ ಇಕ್ಕು. ಒಲಕ್ಕೆ ಬೀಳೋದೇ ಉಳಾನಾ? ಮನೇಲಿ ಬೀಳೋದು ಉಳ ಅಲ್ವಾ? ತಾನಾಗೇ ಸತ್ತವೆ, ನಾನೇನೂ ಮಾಡ್ಲಿಲ್ಲ.” ದಾಸ್ತಾನಿನ ಹುಳವನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನೂ ಸೇರಿಸಿಕೊಂಡೆ.

ಸುದ್ದಿ ಕೇಳಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಹೊಸ ಜಿಲ್ಲೆ, ಹೊಸ ಆಫೀಸು, ಅದರಲ್ಲಿ ಹೊಸ ಪ್ರಭೇದ! ಬಾಗಿಲು ತೆಗೆದು ಹೊರಗಿನ ಗುಮಾಸ್ತರನ್ನೆಲ್ಲ ಒಳಗೆ ಕರೆದು ತೋರಿಸಿದರು. ಆಮೇಲೆ ಗಂಭೀರವಾಗಿ ನನ್ನನ್ನು ಕೇಳಿದರು: “ಚಾಮರಾಜನಗರಕ್ಕೆ ಲ್ಯಾಟಿನ್‌ನಲ್ಲಿ ಏನಂತಾರಮ್ಮ?”

“ಗೊತ್ತಿಲ್ಲ ಸರ್.”

“ಕೊನೇಲಿ ‘ಎನ್ಸಿಸ್’ ಅಂತ ಸೇರಿಸಬೇಕು ಅನ್ಸುತ್ತೆ. ಊರಿನ ಹೆಸರೇ ಇಡೋಣ. ನನ್ನ ಹೆಸರು ಬೇಡ.” ಮತ್ತೆ ಕುರ್ಚಿಯಲ್ಲಿ ಕೂರುತ್ತ, “ಹೆಸರಿಡೋರು ಅವರಾಗೇ ಕೇಳಿದರೆ ಆಮೇಲೆ ನೋಡೋಣ,” ಎಂದೂ ಸೇರಿಸಿದರು.

ದುಂಬಿಯನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿಗೆ, ಕೀಟಶಾಸ್ತ್ರದ ನನ್ನ ಹಳೇ ಮೇಷ್ಟ್ರಿಗೇ, ಪಾರ್ಸೆಲ್ ಮಾಡಿದೆವು. ಗಿಡ್ಡ ಕೊಂಬಿನದೂ ಒಂದನ್ನು ಜೊತೆಗಿಟ್ಟೆ. ಉತ್ತರ ಬರುವವರೆಗಿನ ಮೂರು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ, ವಿಷಯ ಗೊತ್ತಾಗಿರಬೇಕು ಎಂದುಕೊಳ್ಳುತ್ತಿದ್ದೆ.

ಉತ್ತರ ಬಂದದ್ದು ಸಾಹೇಬರ ಹೆಸರಿಗೆ. ಅವರು ನನ್ನನ್ನು ಕರೆಸಿ, ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಮೇಷ್ಟ್ರು ಬಹಳ ಮರ್ಯಾದೆಯಿಂದ ಬರೆದಿದ್ದರು. ದುಂಬಿ ಮಾಮೂಲಿ ತೆಂಗಿನ ಕೊಂಬಿನ ದುಂಬಿ, ಗಂಡು. ಜೊತೆಗೆ ಕಳಿಸಿದ್ದು ಅದೇ ಪ್ರಭೇದದ ಹೆಣ್ಣು, ಹಿಂಭಾಗದ ಕೆಂಚು ಕೂದಲಿನಿಂದ ಸುಲಭವಾಗಿ ತಿಳಿಯುತ್ತದೆ. ಗಂಡು ದುಂಬಿಯ ಐದು ಕಾಲುಗಳು ಅದರ ಸ್ವಂತದವು. ಆರನೆಯದು ಸಗಣಿ ಹುಳದ್ದು. ಅದೂ ಎಡಗಾಲನ್ನು ಬಲಗಡೆ ಅಂಟಿಸಲಾಗಿದೆ. ಗೋಂದಿನ ಕೆಲಸ ಮಾತ್ರ ಅಚ್ಚುಕಟ್ಟಾಗಿದೆ. ಕೊನೆಯಲ್ಲಿ, ಕಳಿಸಿದವರ ಹೆಸರು ತಮಗೆ ನೆನಪಿದೆ, ಅವರು ಕಾಲೇಜಿನಲ್ಲಿ ಒಪ್ಪಿಸಿದ ಪೆಟ್ಟಿಗೆಯೂ ನೆನಪಿದೆ, ಅದನ್ನು ತಾವು ಹಲವು ವರ್ಷ ನೋಡಿದ್ದರಿಂದ ಮರೆಯಲು ಸಾಧ್ಯವಿಲ್ಲ ಎಂದು ಬರೆದು ಸಹಿ ಹಾಕಿದ್ದರು.

ನನಗೆ ಅಳು ಬಂತು. ಅಷ್ಟರಲ್ಲಿ ಒಂದು ವಿಚಿತ್ರ ಸದ್ದು ಕೇಳಿ ತಲೆ ಎತ್ತಿದೆ. ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ತಡೆಯಲಾಗದೆ ಮೇಜಿನ ಮೇಲೆ ಬಿದ್ದುಬಿದ್ದು ನಕ್ಕರು. “ಎಡಗಾಲು ಬಲಗಡೆ!” ಎಂದು ಹೇಳಲು ಹೋಗಿ ಮತ್ತೆ ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡು, “ಒಂದು ಕೆಲಸ ಮಾಡಮ್ಮ. ಹೊರಗೆ ಗುಮಾಸ್ತರು ಕೇಳಿದರೆ, ಇನ್ನೂ ಪರಿಶೀಲನೆಯಲ್ಲಿದೆ ಅನ್ನು,” ಎಂದರು. ಆ ಪ್ರಭೇದ ನಮ್ಮ ಕಚೇರಿಯಲ್ಲಿ ಎಷ್ಟೋ ಕಾಲ ಪರಿಶೀಲನೆಯಲ್ಲೇ ಇತ್ತು.

ಮನೆಗೆ ಬಂದು ಅವ್ವನಿಗೆ, ಗಂಡ ಹೆಂಡತಿ ಎಂದು ನೀವು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಅವರು ಗೆದ್ದೆ ಎನ್ನಲಿಲ್ಲ. “ಅದ್ನ ಕೇಳಕ್ಕೆ ಬೆಂಗ್ಳೂರ್ಗಂಟ ಕಳಿಸ್ಬೇಕಾಗಿತ್ತಾ?” ಎಂದಷ್ಟೇ ಕೇಳಿದರು. ಅವರಿಗೆ ನಿಜವಾಗಿ ಕೋಪ ಬಂದದ್ದು ಕ್ಯಾರಿಯರಿನಲ್ಲಿ ನಾನು ಏನು ತಂದೆ ಎಂಬ ಸುದ್ದಿ ಹೂವಿನ ಹೆಂಗಸಿನ ಮೂಲಕ ಊರೆಲ್ಲ ಸುತ್ತಿ ಅವರ ಕಿವಿಗೆ ಬಿದ್ದಾಗ. ಒಂದು ವಾರ ಕಾಫಿ ಇಲ್ಲ. ಹೊಸ ಕ್ಯಾರಿಯರ್ ತಂದುಕೊಟ್ಟ ಮೇಲೆ ಮತ್ತೆ ಶುರುವಾಯಿತು. ಹಳೆಯದನ್ನು ಅವರು ಬಿಸಾಡಲಿಲ್ಲ. ಅದಕ್ಕೆ ಮಣ್ಣು ತುಂಬಿಸಿ ತುಳಸಿ, ದೊಡ್ಡಪತ್ರೆ, ಪುದೀನ ನೆಟ್ಟರು, ಅಂತಸ್ತಿಗೊಂದು.

ಗಾಜಿನ ಪೆಟ್ಟಿಗೆ ಕೊನೆಗೂ ಮೊಳೆಗೆ ಏರಿತು. ಕೊಂಬಿನ ದುಂಬಿಗಳು ಒಂದೇ ಚೀಟಿಯ ಕೆಳಗೆ ಅಕ್ಕಪಕ್ಕ ಕೂತವು. ಬೆಂಗಳೂರಿನಿಂದ ವಾಪಸ್ ಬಂದ ದೊಡ್ಡದನ್ನು, ಅಂಟಿಸಿದ ಕಾಲು ಕಿತ್ತು, ಐದೇ ಕಾಲಿನಲ್ಲಿ ಇಟ್ಟೆ. ರೈತರು ಬಂದು ನೋಡುತ್ತಿದ್ದರು, ಬೆರಳಿಟ್ಟು ತೋರಿಸುತ್ತಿದ್ದರು. ಪುಣಜನೂರಿನ ರೈತರೂ ಒಮ್ಮೆ ಬಂದು, ತಮ್ಮ ತೋಟದ್ದನ್ನು ಗುರುತು ಹಿಡಿದು, “ಇಲ್ಲಿ ಎಂಗೆ ಸುಮ್ನೆ ಕುಂತವೆ ನೋಡಿ, ಮೂದೇವಿಗಳು,” ಎಂದು ಗಾಜಿನ ಮೇಲೆ ತಟ್ಟಿ ಹೋದರು.

ಮುಂದಿನ ವರ್ಷದ ಮಳೆಗಾಲದಲ್ಲಿ ಸಾಹೇಬರಿಂದ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಪೆಟ್ಟಿಗೆಯ ತಳದಲ್ಲಿ ಸಣ್ಣ ಕಂದು ಪುಡಿ ಬಿದ್ದಿತ್ತು. ಬೇವಿನ ದುಂಬಿಗಳ ಜಾಗದಲ್ಲಿ ಬರೀ ಸೂಜಿಗಳು ನಿಂತಿದ್ದವು. ಕೊಂಬಿನ ದುಂಬಿಯ ಹೊಟ್ಟೆ ಟೊಳ್ಳಾಗಿತ್ತು. ಪುಡಿಯ ನಡುವೆ ಎಳ್ಳಿನಷ್ಟು ದೊಡ್ಡ, ಮಚ್ಚೆಮಚ್ಚೆಯ ದುಂಬಿಯೊಂದು ಆರಾಮವಾಗಿ ನಡೆಯುತ್ತಿತ್ತು. ಒಣಗಿದ ಹುಳಗಳನ್ನೇ ತಿಂದು ಬದುಕುವ ದುಂಬಿ ಅದು. ನುಸಿ ಬಾರದಂತೆ ನ್ಯಾಫ್ತಲಿನ್ ಗುಳಿಗೆ ಇಡಲು ನಾನು ಮರೆತಿದ್ದೆ.

ಭೂತಗನ್ನಡಿ ತೆಗೆದುಕೊಂಡು ಅಲ್ಲೇ ನೋಡಿದೆ. ಕಾಲು ಎಣಿಸಿದೆ, ಆರೂ ಅದರವೇ. ಯಾರನ್ನೂ ಕೇಳದೆ ಅದರ ಹೆಸರು ಹೇಳಿದೆ, ಲ್ಯಾಟಿನ್ ಸಮೇತ. ಸಾಹೇಬರಿಗೆ ಬಹಳ ಸಂತೋಷವಾಯಿತು.

“ಪರವಾಗಿಲ್ಲ ಕಣಮ್ಮ, ಕಲಿತುಬಿಟ್ಟೆ! ಇದು ಯಾವುದಕ್ಕೆ ಬೀಳೋದು, ತೆಂಗಿಗಾ, ಕಡ್ಲೆಕಾಯಿಗಾ?”

“ಸರ್, ಇದು ನಮ್ಮ ಪೆಟ್ಟಿಗೆಗೆ ಬೀಳೋದು.”

ಅವರು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಗಂಟೆ ಒತ್ತಿ ಇಬ್ಬರಿಗೂ ಟೀ ಹೇಳಿದರು. ಆ ದಿನ ಮೊದಲ ಬಾರಿಗೆ ನಾನು ಅವರೆದುರು ಕುರ್ಚಿಯಲ್ಲಿ ಕೂತು, ಪುಡಿಯೊಳಗೆ ಓಡಾಡುತ್ತಿದ್ದ ಅದನ್ನು ಅವರೊಂದಿಗೆ ನೋಡುತ್ತ ಟೀ ಕುಡಿದೆ.